ಅಣ್ಣಾ, ಹ್ಯಾಟ್ ಮುಚ್ಚವಲ್ದು

ಬೆಳಗಾವಿಯ ವಾದ್ಯಗಳ ಅಂಗಡಿಯೊಂದರಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಕೌಂಟರ್ ನನ್ನದು. ಮಾರುವುದು, ಜೋಡಿಸಿ ಕೊಡುವುದು, ಆಮೇಲೆ ಬೈಸಿಕೊಳ್ಳುವುದು, ಮೂರೂ ಒಂದೇ ಪಗಾರಿನಲ್ಲಿ. ಗೋಕಾಕ, ಮುಧೋಳ, ಜಮಖಂಡಿ ಕಡೆಯಿಂದ ಬರುವ ಆರ್ಕೆಸ್ಟ್ರಾ ಹುಡುಗರು ಕಿಟ್ ಮೇಲೆ ಕೂತ ಕೂಡಲೇ ಸ್ನೇರ್ ಬಾರಿಸ್ತಾರೆ, ಕ್ರ್ಯಾಶ್ ಹೊಡೀತಾರೆ, "ಎಷ್ಟ್ ಟೋನ್ ಅದಾವ್ರಿ?" ಅಂತ ಕೇಳ್ತಾರೆ. ಹೈ-ಹ್ಯಾಟ್ ಅಂದರೆ ಎಡಗಾಲಿನ ಪೆಡಲಿನಿಂದ ತೆರೆದು ಮುಚ್ಚುವ ಜೋಡಿ ತಾಳ; ಆ ಎಡಗಾಲು ಮಾತ್ರ ಸ್ಟೂಲಿನ ಕೆಳಗೆ ಮಡಚಿಕೊಂಡೇ ಇರುತ್ತದೆ. ವರ್ಷಾನುಗಟ್ಟಲೆ ನಿಂತು ಆಕ್ಟೋಪ್ಯಾಡ್, ಅಂದರೆ ಎಂಟು ಪ್ಯಾಡಿನ ಪೆಟ್ಟಿಗೆ, ಬಾರಿಸಿದವರು. ಒಂದು ಪ್ಯಾಡಿಗೆ ಮುಚ್ಚಿದ ಹ್ಯಾಟಿನ ಸದ್ದು (ಕ್ಲೋಸ್ಡ್), ಪಕ್ಕದ್ದಕ್ಕೆ ತೆರೆದದ್ದು (ಓಪನ್), ಮುಗೀತು. ರೋಲ್ಯಾಂಡ್ ಕಂಪನಿಯ ಆಕ್ಟೋಪ್ಯಾಡ್ ಎಸ್‌ಪಿಡಿ-30ರ ಹಿಂದೆ ಹೈ-ಹ್ಯಾಟ್ ಪೆಡಲಿಗೂ ಜಾಕ್ ಇದೆ ಅಂದರೆ ಬಗ್ಗಿ ನೋಡಿ ಬೆರಗಾಗ್ತಾರೆ.

ಹೈ-ಹ್ಯಾಟ್‌ನಲ್ಲಿ ಎರಡು ಜಾತಿ. ಒಂದು, ರೋಲ್ಯಾಂಡ್ ಎಫ್‌ಡಿ-9 ಥರದ ನೆಲದ ಪೆಡಲ್; ಪ್ಯಾಡ್ ಬೇರೆ, ರ‍್ಯಾಕಿಗೆ ಬಿಗಿದಿರುತ್ತದೆ, ಮೇಲೆ ಕೆಳಗೆ ಆಡುವುದಿಲ್ಲ. ಇನ್ನೊಂದು, ರೋಲ್ಯಾಂಡಿನದೇ ವಿಎಚ್-10 ಅಥವಾ ಯಮಹಾದ ಆರ್‌ಎಚ್‌ಎಚ್135 ಥರದ್ದು. ನಿಜವಾದ ಹೈ-ಹ್ಯಾಟ್ ಸ್ಟ್ಯಾಂಡ್ ಮೇಲೆ ಕೂರುತ್ತದೆ, ಕಾಲಿಗೆ ಸ್ಪ್ರಿಂಗಿನ ಎಳೆತ ಸಿಗುತ್ತದೆ, ಕೋಲಿನ ಕೆಳಗೆ ಪ್ಯಾಡ್ ತೂಗುತ್ತದೆ. ಸುಖ ಇರೋದು ಇದರಲ್ಲೇ, ನಾನು ಸುಳ್ಳು ಹೇಳಲ್ಲ. ಆದರೆ ಟಿಡಿ-17ಕೆವಿಎಕ್ಸ್‌ನಂಥ ಕಿಟ್ ತಗೊಂಡರೆ ವಿಎಚ್-10 ಬಾಕ್ಸಿನಲ್ಲೇ ಇರುತ್ತದೆ, ಸ್ಟ್ಯಾಂಡ್ ಮಾತ್ರ ಬೇರೆ ಕೊಳ್ಳಬೇಕು. ಇದನ್ನ ಬಿಲ್ ಆಗುವ ಮೊದಲು ಹೇಳಿದರೆ ಓನರ್ ಕೆಮ್ಮುತ್ತಾರೆ.

ಯಾವುದೇ ತಗೊಳ್ಳಿ, ಕೋಲಿನಿಂದ ಒಂದೇ ಸಮ ಬಾರಿಸುತ್ತ ಪೆಡಲನ್ನು ನಿಧಾನಕ್ಕೆ ಒತ್ತಿ ಕೇಳಿ. ಓಪನ್‌ನಿಂದ ಕ್ಲೋಸ್ಡ್‌ಗೆ ಸದ್ದು ಹಂತ ಹಂತವಾಗಿ ಬಿಗಿಯಾಗಬೇಕು. ಮಿಡಿಯಲ್ಲಿ (ಎಲೆಕ್ಟ್ರಾನಿಕ್ ವಾದ್ಯಗಳ ಅಂಕಿಗಳ ಭಾಷೆ) ಸದ್ದಿಗೊಂದು ನಂಬರ್: ಕ್ಲೋಸ್ಡ್ 42, ಕಾಲಿನ ಚಿಕ್ 44, ಓಪನ್ 46. ನಡುವಿನ ಅರ್ಧ ತೆರೆದ ಸದ್ದೆಲ್ಲ ಸಿಸಿ 4 ಅನ್ನುವ ಕಂಟ್ರೋಲ್ ಸಂದೇಶದಲ್ಲಿ, 0ಯಿಂದ 127ರವರೆಗೆ ಓಡುತ್ತದೆ. ಅಗ್ಗದ ಕೆಲವು ಪೆಡಲ್ ಬರೀ ಸ್ವಿಚ್ಚು: ಆನ್, ಇಲ್ಲವೇ ಆಫ್. ಇನ್ನು ಯಮಹಾ ಪೆಡಲ್ ತಂದು ರೋಲ್ಯಾಂಡ್ ಮಾಡ್ಯೂಲಿಗೆ (ಸದ್ದು ಹೊರಡಿಸುವ ಪೆಟ್ಟಿಗೆ) ಚುಚ್ಚಿ "ಕೆಟ್ಟೈತ್ರಿ" ಅನ್ನುವವರು ಬೇರೆ. ಪ್ಲಗ್ಗಿನ ತುದಿ ಮತ್ತು ಉಂಗುರದ (ಟಿಪ್-ರಿಂಗ್) ವೈರಿಂಗ್ ಅದಲುಬದಲು ಇರುತ್ತದಪ್ಪಾ, ಕೆಟ್ಟಿಲ್ಲ.

ಗೋಕಾಕ ಕಡೆಯ ಒಬ್ಬ ಹುಡುಗನಿಗೆ ನಾನೇ ಹುರುಪಿನಿಂದ ಸ್ಟ್ಯಾಂಡಿನ ಹ್ಯಾಟ್ ಕೊಡಿಸಿದ್ದೆ. ಹುಕ್ಕೇರಿ ಕಡೆ ಜಾತ್ರೆಯಲ್ಲಿ ರಸಮಂಜರಿ, "ಫ್ರೀ ಸರ್ವಿಸ್" ಅಂತ ಓನರ್ ನನ್ನನ್ನೂ ಟೆಂಪೋ ಹತ್ತಿಸಿದರು. ಸ್ಟೇಜಿನಲ್ಲಿ ಲೈಟ್ ಬಿದ್ದು, ನಿರೂಪಕ ಊರ ಹಿರಿಯರ ಹೆಸರು ಓದ್ತಿದ್ದ. ಆಗ ಹುಡುಗ ಬಗ್ಗಿ ಕಿವಿಯಲ್ಲಿ, "ಅಣ್ಣಾ, ಹ್ಯಾಟ್ ಮುಚ್ಚವಲ್ದು."

ಪೂರ್ತಿ ತುಳಿದರೂ ಛ್ಯಾಂ. ಕಂಟ್ರೋಲ್ ವೈರ್ ಬದಲಿಸಿದೆ, ಛ್ಯಾಂ. ಮಾಡ್ಯೂಲ್ ಆಫ್ ಮಾಡಿ ಆನ್ ಮಾಡಿದೆ, ಛ್ಯಾಂ. ಮುಂದಿನ ಸಾಲಿನ ಹುಡುಗರು ನಗೋಕೆ ಸುರು ಮಾಡಿದ್ರು. "ಏನ್ರೀ, ಚಾಲೂ ಮಾಡ್ತೀರೋ ಇಲ್ಲೋ?" ಅಂತ ಕಮಿಟಿಯವರೊಬ್ಬರು ಹಿಂದಿನಿಂದ ಬಂದು ನಿಂತರು. ಮಾಡ್ಯೂಲೇ ತಲೆಕೆಟ್ಟಿದೆ ಅಂತ ತೀರ್ಮಾನಿಸಿ ಫ್ಯಾಕ್ಟರಿ ರೀಸೆಟ್‌ಗೆ ಹೋದೆ. ಅದು ಖಾತ್ರಿಯಾ ಅಂತ ಕೇಳುತ್ತದೆ. ಒತ್ತಿದೆ.

ಛ್ಯಾಂ.

ಮೊಬೈಲ್ ಟಾರ್ಚ್ ಹಿಡಿದು ಮಂಡಿಯೂರಿದಾಗ ಕಂಡಿತು. ಸಾಮಾನು ಇಳಿಸಿದ ಹುಡುಗ ಕ್ಲಚ್ಚನ್ನು (ಪ್ಯಾಡನ್ನು ಸ್ಟ್ಯಾಂಡಿನ ಕಂಬಿಗೆ ಹಿಡಿದಿಡುವ ಬಿಗಿತ) ಕಂಬಿಯ ಮೇಲೆ ಎತ್ತರಕ್ಕೆ ಬಿಗಿದುಬಿಟ್ಟಿದ್ದ. ಕೊನೆಯವರೆಗೆ ತುಳಿದರೂ ಪ್ಯಾಡಿಗೂ ಕೆಳಗಿನ ಸೆನ್ಸರಿಗೂ ನಡುವೆ ನನ್ನ ಕಿರುಬೆರಳು ತೂರುತ್ತಿತ್ತು. ಕ್ಲಚ್ ಸಡಿಲಿಸಿ, ಪ್ಯಾಡನ್ನು ಅದರ ಭಾರಕ್ಕೇ ಸೆನ್ಸರ್ ಮೇಲೆ ಕೂರಲು ಬಿಟ್ಟು, ಮಾಡ್ಯೂಲಿನಲ್ಲಿ ಆಫ್‌ಸೆಟ್ (ಸೆನ್ಸರ್ ಅಳತೆಯ ಸೊನ್ನೆ) ಹೊಂದಿಸಿ, ಮತ್ತೆ ತುಸು ಎತ್ತಿ ಬಿಗಿದೆ. ಚಿಕ್ ಅಂತು. ಅಷ್ಟೇ ಕೆಲಸ. ಆದರೆ ಹಾಡಿಗೊಂದರಂತೆ ಹುಡುಗ ಮಾಡ್ಯೂಲಿನಲ್ಲಿ ಕಟ್ಟಿಟ್ಟಿದ್ದ ಟೋನ್‌ಗಳ ಕಿಟ್‌ಗಳೆಲ್ಲ ಅಳಿಸಿಹೋಗಿದ್ದವು. ಇಡೀ ರಾತ್ರಿ ಕಂಪನಿ ಟೋನ್‌ನಲ್ಲೇ ಬಾರಿಸಿದ, ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಬ್ಯಾಕಪ್‌ಗೆ ಎಸ್‌ಡಿ ಕಾರ್ಡ್ ಸ್ಲಾಟ್ ಇತ್ತು, ಕಾರ್ಡ್ ಇರಲಿಲ್ಲ. ಕಿಟ್ ಜೊತೆ ಒಂದು ಕಾರ್ಡ್ ಕೊಡೋಣ ಅಂದರೆ ನಮ್ಮ ಓನರ್ ಪ್ರಕಾರ ಅದು ಮೊಬೈಲ್ ಅಂಗಡಿಯ ಐಟಂ.

ಈಗ ಗಿರಾಕಿಗೆ ಮೊದಲು ಕೇಳೋದು, "ಕಿಟ್ ಎಲ್ಲಿ ಇರತೈತ್ರಿ?" ಮನೆಯಲ್ಲೋ ಚರ್ಚಿನಲ್ಲೋ ಒಂದೇ ಕಡೆ ಇರೋದಾದರೆ ಸ್ಟ್ಯಾಂಡಿನದೇ ತಗೊಳ್ಳಿ. ವಾರವಾರ ಟೆಂಪೋ ಹತ್ತುವುದಾದರೆ ನೆಲದ ಪೆಡಲ್. ಸುಖ ಕಡಿಮೆ, ತಂಟೆಯೂ ಕಡಿಮೆ. ಸ್ಟ್ಯಾಂಡೇ ಬೇಕು ಅನ್ನುವವರ ಕಂಬಿಗೆ ಕ್ಲಚ್ ಕೂರುವ ಜಾಗದಲ್ಲಿ ನಾನೇ ಗುರುತಿಗೆ ಇನ್ಸುಲೇಶನ್ ಟೇಪ್ ಸುತ್ತಿ ಕಳಿಸ್ತೀನಿ.

ಆ ಹುಡುಗನೂ ಪ್ರೋಗ್ರಾಮಿಗೆ ಅಂತ ಬಂದು ಎಫ್‌ಡಿ-9 ಒಯ್ದ. ಹ್ಯಾಟ್ ಬದಲಿಸಿದಾಗ ಮಾಡ್ಯೂಲಿನಲ್ಲಿ ಪ್ಯಾಡ್ ಟೈಪನ್ನೂ ಬದಲಿಸಬೇಕು, ತಾ ಮಾಡಿಕೊಡ್ತೀನಿ ಅಂದೆ. "ಬ್ಯಾಡಣ್ಣಾ, ಬಾಯಾಗ ಹೇಳ್ರಿ ಸಾಕು" ಅಂದ.