ಇವತ್ತು ರಾತ್ರಿ ಹನ್ನೆರಡರವರೆಗೆ

14 ಅಕ್ಟೋಬರ್ 2025, ಮಂಗಳವಾರ
ಗೋಟಿಂಗೆನ್, ಜರ್ಮನಿ

ಬೆಳಗ್ಗೆ ನಮ್ಮ ವಕೀಲರ ಆಫೀಸಿನ ಬಾಗಿಲು ತೆಗೆಯುವಷ್ಟರಲ್ಲೇ ಒಬ್ಬರು ಬಂದು ನಿಂತಿದ್ದರು. ಅಪಾಯಿಂಟ್‌ಮೆಂಟ್ ಇರಲಿಲ್ಲ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ. ಕೆಲಸದಿಂದ ತೆಗೆದ ಪತ್ರ. ನಾನು ಮೊದಲು ಹುಡುಕಿದ್ದು ತಾರೀಖನ್ನು. ಕೆಳಗೆ ಅವರೇ ಸಹಿ ಹಾಕಿದ್ದರು, ಸೆಪ್ಟೆಂಬರ್ 23ಕ್ಕೆ ತಲುಪಿದೆ ಅಂತ. ಎದೆ ಧಸಕ್ಕೆಂದಿತು.

ಪತ್ರ ಕೈಸೇರಿದ ಮೂರು ವಾರದೊಳಗೆ ಕಾರ್ಮಿಕ ಕೋರ್ಟಿನಲ್ಲಿ ದಾವೆ ಹೂಡಬೇಕು. ತಪ್ಪಿದರೆ, ಅನ್ಯಾಯವಾಗಿ ತೆಗೆದಿದ್ದರೂ ಅದು ಸರಿ ಅಂತಲೇ ಲೆಕ್ಕ. ಅಂದರೆ ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ.

"ಯಜಮಾನರ ಹತ್ರ ಮಾತಾಡಿ ಸರಿಮಾಡ್ಕೊಳ್ಳೋಣ ಅಂತ ಕಾದೆ" ಅಂದರು. ಪಾಪ, ನಂಬಿ ಕೂತಿದ್ದರು.

ಹುಬ್ಬಳ್ಳಿಯಲ್ಲಿ ನಾನು ಜೂನಿಯರ್ ಆಗಿದ್ದಾಗ ಮೇಲ್ಮನವಿ ತಡವಾದರೆ ವಿಳಂಬ ಮನ್ನಾ ಅರ್ಜಿ ಹಾಕುತ್ತಿದ್ದೆವು. ಇಲ್ಲೂ ಅಂಥದೊಂದು ದಾರಿ ಇದೆ, ಆದರೆ ತುಂಬ ಕಿರಿದು. ಕಾನೂನು ಗೊತ್ತಿರಲಿಲ್ಲ ಅಂದರೆ ನಡೆಯೋದಿಲ್ಲ.

ಆಫೀಸಿನ ವಕೀಲರಾದ ಮೇಡಂಗೆ ಹತ್ತು ಗಂಟೆಗೆ ವಿಚ್ಛೇದನದವರು, ಆಮೇಲೆ ಬೇಲಿ ಜಗಳ, ಮಧ್ಯಾಹ್ನ ಬಾಡಿಗೆ ಅಡ್ವಾನ್ಸ್ ವಾಪಸ್ ಕೊಡದ ಕೇಸು. ಎಲ್ಲರನ್ನೂ ಸ್ವಲ್ಪ ಕಾಯಿಸಿ ಇವರನ್ನು ಕೂರಿಸಿಕೊಂಡರು. ಒಂದೇ ವಿಷಯ ನೋಡುವ ದೊಡ್ಡ ವಕೀಲರು ಬೇಕು, ನಿಜ. ಆದರೆ ಹೀಗೆ ಸುಮ್ನೆ ಬಾಗಿಲು ತಟ್ಟಿ ಒಳಗೆ ಬರಬಹುದಾದ ಆಫೀಸು ಊರಿಗೊಂದಾದರೂ ಇರಲೇಬೇಕು, ಅಲ್ವಾ?

ಮೇಡಂ ಮೊದಲು ಹೇಳಿದ್ದು ಫೀಸಿನ ವಿಷಯ. ಕಾರ್ಮಿಕ ಕೋರ್ಟಿನ ಮೊದಲ ಹಂತದಲ್ಲಿ ಗೆದ್ದರೂ ನಮ್ಮ ವಕೀಲರ ಖರ್ಚು ನಮ್ಮದೇ. ಅದನ್ನು ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು.

ದಾವೆ ಎರಡೇ ಪುಟ. ಹುಬ್ಬಳ್ಳಿಯಲ್ಲಾದರೆ ನಾನು ಮೊದಲು ಹಳೇ ತೀರ್ಪುಗಳನ್ನು ಹುಡುಕುತ್ತಿದ್ದೆ. ಇಲ್ಲೂ ತೀರ್ಪು ನೋಡುತ್ತಾರೆ, ಆದರೆ ಮಾತು ಶುರುವಾಗುವುದು ಸಂಹಿತೆಯ ಕಲಮಿನಿಂದ. ವಕೀಲರು ಕಾಗದದಲ್ಲಿ ಸಲ್ಲಿಸುವ ಕಾಲವೂ ಹೋಯಿತು. 2022ರಿಂದ ಎಲ್ಲ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲೇ, ಅಂದರೆ ಕೋರ್ಟಿಗೆ ಆನ್‌ಲೈನಿನಲ್ಲಿ ಕಳಿಸುವ ವಕೀಲರ ಅಂಚೆಪೆಟ್ಟಿಗೆ. ಕಳಿಸಿದ ಮೇಲೆ ಕೋರ್ಟಿಗೆ ಮುಟ್ಟಿದ ರಸೀದಿ ಬಂತಾ ಅಂತ ನೋಡಬೇಕು. ಅಲ್ಲಿಯವರೆಗೆ ಗಡುವಿನ ಪುಸ್ತಕದಲ್ಲಿ ಕೆಲಸ ಮುಗಿಯಿತು ಅಂತ ಗೆರೆ ಎಳೆಯುವಂತಿಲ್ಲ. 11.40ಕ್ಕೆ ರಸೀದಿ ಬಂತು. ಎರಡು ಸಲ ಓದಿ, ಆಮೇಲೆ ಗೆರೆ ಎಳೆದೆ.

ರಸೀದಿಯ ಪ್ರತಿ ಕೊಟ್ಟೆ. ಅದನ್ನೂ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಮೊದಲ ರಾಜಿ ಮಾತುಕತೆಯನ್ನು ಎರಡು ವಾರದೊಳಗೆ ಇಡಬೇಕು ಅನ್ನುತ್ತದೆ ಕಾನೂನು. ತಾರೀಖು ಬಂದ ಕೂಡಲೇ ಅವರಿಗೆ ಫೋನ್ ಮಾಡಬೇಕು. ಪತ್ರ ಕಳಿಸಿ ಸುಮ್ಮನಿರೋದು ಬೇಡ.