ಸೊಂಟ ಮುರಿದ ಮೇಲಿನ 48 ಗಂಟೆ

ಮುಂಬೈ ಬಳಿಯ ಡೊಂಬಿವಲಿಯ ಹಳೆಯ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. 84 ವರ್ಷದ ಅಮ್ಮ ನಸುಕಿನಲ್ಲಿ ಬಚ್ಚಲ ಬಾಗಿಲಲ್ಲಿ ಬಿದ್ದರು. ಬಲಗಾಲು ಗಿಡ್ಡವಾಗಿತ್ತು, ಪಾದ ಹೊರಕ್ಕೆ ತಿರುಗಿತ್ತು. ಎಕ್ಸ್‌ರೇ ತೆಗೆಯುವ ಮೊದಲೇ ಸೊಂಟ ಮುರಿದಿದೆ ಎನ್ನಬಹುದಾದ ಲಕ್ಷಣ. ಕುರ್ಚಿಯಲ್ಲಿ ಕೂರಿಸಿ ಇಳಿಸೋಣ ಎಂದ ನೆರೆಯವರನ್ನು ಮಗ ತಡೆದದ್ದು ಒಳ್ಳೆಯದಾಯಿತು. ಕಾಲುಗಳ ನಡುವೆ ದಿಂಬಿಟ್ಟು, ಹಳೆ ಸೀರೆಯಿಂದ ಎರಡನ್ನೂ ಸೇರಿಸಿ ಕಟ್ಟಿ, ಸ್ಟ್ರೆಚರಿನಲ್ಲಿ ಮಲಗಿಸಿಯೇ ಇಳಿಸಿದರು.

ತೊಡೆಮೂಳೆಯ ಕುತ್ತಿಗೆ ಮುರಿದು ಸರಿದಿತ್ತು. ಅರ್ಧ ಕೀಲು ಬದಲಿಸಬೇಕು ಎಂದರು ಡಾಕ್ಟರು. ಉಡುಪಿಯಿಂದ ಮಗಳ ಫೋನು: "ಈ ಪ್ರಾಯದಲ್ಲಿ ಆಪರೇಷನ್ ಯಾಕಣ್ಣ? ಕಾಲಿಗೆ ತೂಕ ಕಟ್ಟಿ ಮಲಗಿಸಿದರೆ ಆಗ್ಲಿಕ್ಕಿಲ್ವಾ?"

ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಆಪರೇಷನ್ನಿನ ಅಪಾಯವನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದನ್ನು ಖಾಲಿ ಬಿಡುತ್ತೇವೆ. ಸರಿದ ಮುರಿತದಲ್ಲಿ ಮೂಳೆಯ ತಲೆಗೆ ಹೋಗುವ ರಕ್ತನಾಳ ಹರಿದಿರುವುದರಿಂದ ಅದು ತಾನಾಗಿ ಕೂಡುವುದು ಅಪರೂಪ. ವಾರಗಟ್ಟಲೆ ಮಲಗಿಸಿದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಬೆನ್ನಿನ ಕೆಳಗೂ ಹಿಮ್ಮಡಿಗೂ ಹುಣ್ಣು, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವುದು. ಬೆಡ್‌ಪ್ಯಾನಿಗೆ ಎತ್ತಿದಾಗಲೆಲ್ಲ ಚೀರುವಷ್ಟು ನೋವು. ಹಾಗೆಂದು ಆಪರೇಷನ್ ಆದವರೆಲ್ಲ ಉಳಿಯುತ್ತಾರೆ ಎಂದಲ್ಲ. ಸೊಂಟ ಮುರಿದ ವೃದ್ಧರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಆದಷ್ಟು ಮಟ್ಟಿಗೆ 48 ಗಂಟೆಯೊಳಗೆ ಮುಗಿಸಿ ಎನ್ನುವುದು ಅದಕ್ಕೇ.

ತಡವಾಗುವಂತಿದ್ದದ್ದು ಒಂದು ಮಾತ್ರೆಯಿಂದ. ಹಿಂದೆ ಹಾಕಿದ ಸ್ಟೆಂಟಿಗಾಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ನಡೆಯುತ್ತಿತ್ತು. ಅದರ ಪರಿಣಾಮ ಇಳಿಯಲು 5ರಿಂದ 7 ದಿನ ಬೇಕು. ಅಷ್ಟರೊಳಗೆ ಅರಿವಳಿಕೆಗಾಗಿ ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತಸ್ರಾವವಾಗುವ ಭಯ. ಕಾಯುವ ಬದಲು ಪೂರ್ತಿ ಅರಿವಳಿಕೆ ಕೊಡುತ್ತೇನೆ ಎಂದರು ಅರಿವಳಿಕೆ ತಜ್ಞರು. ಈ ಮಾತನ್ನು ಮನೆಯವರೇ ಕೇಳಿ ಹೊರಡಿಸಬೇಕಾಯಿತು. ರಕ್ತದಲ್ಲಿ ಸೋಡಿಯಂ ಕೂಡ ಕಡಿಮೆ, 127 ಇತ್ತು. ಬಿಪಿ ಮಾತ್ರೆಯಲ್ಲಿದ್ದ ಹೈಡ್ರೋಕ್ಲೋರೋಥಯಾಜೈಡ್ ಅದನ್ನು ಇಳಿಸುತ್ತದೆ. ಬಿದ್ದದ್ದೂ ಅದರಿಂದಲೇ ಇರಬಹುದು. ಮಾತ್ರೆ ನಿಲ್ಲಿಸಿದರು. ಸೋಡಿಯಂ ನಿಧಾನವಾಗಿಯೇ ಏರಬೇಕು, ಅವಸರ ಮಾಡಿದರೆ ಮಿದುಳಿಗೆ ಪೆಟ್ಟು.

ಇನ್ನೊಂದು, ಉಪವಾಸ. "ರಾತ್ರಿ 10ರ ಮೇಲೆ ನೀರೂ ಬೇಡ" ಎಂದಿದ್ದರು ವಾರ್ಡಿನಲ್ಲಿ. ಆಪರೇಷನ್ ಇದ್ದದ್ದು ಮರುದಿನ ಮಧ್ಯಾಹ್ನ 3ಕ್ಕೆ. ಸಾಮಾನ್ಯವಾಗಿ ಊಟಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ ಸಾಕು. 17 ಗಂಟೆ ಒಣಗಿಸಿದರೆ ಮೂತ್ರಪಿಂಡವೂ ಬುದ್ಧಿಯೂ ಕೆಡಬಹುದು. ಕೇಳಿದ ಮೇಲೆ ಬೆಳಿಗ್ಗೆ ನೀರು ಸಿಕ್ಕಿತು.

ಎರಡನೇ ರಾತ್ರಿ ಅಮ್ಮ ಮೂತ್ರದ ನಳಿಗೆ ಎಳೆದರು, ಹಟ್ಟಿಯ ದನಕ್ಕೆ ಹುಲ್ಲು ಹಾಕಬೇಕೆಂದು ಎದ್ದರು. ಇದು ಡೆಲಿರಿಯಂ, ಅಂದರೆ ಕಾಯಿಲೆಯ ಹೊತ್ತಿನಲ್ಲಿ ಹಠಾತ್ತನೆ ಬರುವ ಗೊಂದಲ. ವೃದ್ಧರಲ್ಲಿ ಬಹಳ ಸಾಮಾನ್ಯ, ಬಹುಪಾಲು ಇಳಿಯುತ್ತದೆ. ಆದರೆ ನರ್ಸು "ಆಜ್ ಕೋಣ್ತಾ ವಾರ್?" (ಇವತ್ತು ಯಾವ ವಾರ?) ಎಂದು ಮರಾಠಿಯಲ್ಲಿ ಕೇಳಿ, ಉತ್ತರ ಬರಲಿಲ್ಲವೆಂದು "ಪೂರ್ತಿ ಗೊಂದಲ" ಎಂದು ಬರೆದಿದ್ದರು. ಕಿವಿಯ ಯಂತ್ರ, ಕನ್ನಡಕ ಎರಡೂ ಕಪಾಟಿನ ಡಬ್ಬಿಯಲ್ಲಿದ್ದವು. ಹಾಕಿಸಿ ಕನ್ನಡದಲ್ಲಿ ಕೇಳಿದರೆ, "ಬುಧವಾರ ಅಲ್ವಾ ಮಗಾ?"

ಮೂರನೇ ದಿನ ವಾಕರ್ ಹಿಡಿದು ಆರು ಹೆಜ್ಜೆ. ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು ಎಂದಿದ್ದರಿಂದ ಮಗ ಕಮೋಡಿಗೆ 4 ಇಂಚಿನ ಎತ್ತರಿಕೆ ತಂದು ಕೂರಿಸಿದ. ಊಟದ ಮಣೆ ಅಟ್ಟ ಹತ್ತಿತು.