ನೆಗ್ಗಿದ ಟ್ಯಾಂಕ್

ಏಪ್ರಿಲ್ ತಿಂಗಳ ಒಂದು ರಾತ್ರಿ ಮೈಸೂರಿನಲ್ಲಿ ಬೀಸಿದ ಗಾಳಿಮಳೆಗೆ ನಮ್ಮ ಹಿತ್ತಲಿನ ಮರದಿಂದ ಬಲಿತ ತೆಂಗಿನಕಾಯಿಯೊಂದು ಕಳಚಿ, ಶೀಟಿನ ಅಂಚಿಗೆ ತಾಗಿ, ಪಕ್ಕದಲ್ಲಿ ನಿಲ್ಲಿಸಿದ್ದ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿತ್ತು. ಬೆಳಿಗ್ಗೆ ನೋಡಿದಾಗ ಮುಚ್ಚಳದ ಹಿಂದೆ ಅಂಗೈ ಅಗಲದ ನೆಗ್ಗು ಕಾಣಿಸಿತು. ಆದರೆ ನನಗೆ ಹೆಚ್ಚು ಗಾಬರಿಯಾದದ್ದು ಕಾಯಿ ಮುಟ್ಟಿಯೂ ಇರದ ಬಲಮಗ್ಗುಲನ್ನು ನೋಡಿ. ಅಲ್ಲಿ ಬಣ್ಣ ಕೂದಲೆಳೆಯಂತೆ ಬಿರುಕು ಬಿಟ್ಟು, ಬಿರುಕಿನ ಉದ್ದಕ್ಕೂ ಒದ್ದೆಯಾಗಿ, ಪೆಟ್ರೋಲ್ ವಾಸನೆ ಬರುತ್ತಿತ್ತು.

ಬಹಳ ವರ್ಷಗಳ ಹಿಂದೆ ಗಾಡಿ ಮಗುಚಿ ಬಿದ್ದಾಗ ಹ್ಯಾಂಡಲ್ ಬಡಿದು ಅದೇ ಜಾಗದಲ್ಲಿ ಸಣ್ಣ ನೆಗ್ಗೊಂದು ಆಗಿತ್ತು. ಒಂದು ಗ್ಯಾರೇಜಿನವರು ಒಂದೇ ಮಧ್ಯಾಹ್ನದಲ್ಲಿ ಅದನ್ನು ಸರಿಮಾಡಿ, ಹೊಳೆಯುವ ಬಣ್ಣ ಬಳಿದು ಕೊಟ್ಟಿದ್ದರು. ಆ ಕೆಲಸ ಏನಾಗಿತ್ತೆಂಬುದು ಈಗ ತಿಳಿಯಬೇಕಾಗಿತ್ತು.

ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ, ತಂದೆಯವರು ದುಡಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಆ ಕಾಲದ ಟ್ಯಾಂಕ್ ಹಾಳಾದರೆ ಅಂಗಡಿಗೆ ಹೋಗಿ ಅದರಂಥದ್ದೇ ಇನ್ನೊಂದು ತರುವುದು ಸುಲಭವಲ್ಲ. ನಾನು ಕೈಯಲ್ಲಿ ಹಿಡಿದು ನೋಡಿದ ಒಂದು ನಕಲಿಗೆ ಮುಚ್ಚಳವೇ ಸರಿಯಾಗಿ ಕೂರುತ್ತಿರಲಿಲ್ಲ. ಇದ್ದುದನ್ನೇ ಉಳಿಸಿಕೊಳ್ಳಬೇಕೆಂದು, ಟ್ಯಾಂಕ್ ಬಿಚ್ಚಿಕೊಂಡು, ಐವತ್ತು ವರ್ಷ ತಗಡಿನ ಕೆಲಸ ಮಾಡಿದ ಟಿಂಕರಿಂಗ್ ಮೇಸ್ತ್ರಿಯೊಬ್ಬರ ಬಳಿ ಹೋದೆ.

ಪೆಟ್ರೋಲನ್ನು ಪೂರ್ತಿ ಬಸಿದು ತಂದಿದ್ದೇನೆ, ಇವತ್ತೇ ಶುರು ಮಾಡಬಹುದು ಎಂದೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿ, "ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ ಸ್ವಾಮಿ. ಎರಡು ದಿನ ಬಿಟ್ಟು ಬನ್ನಿ" ಎಂದರು. ಅವರ ಮಾತು ಅಕ್ಷರಶಃ ಸರಿ. ಉರಿಯುವುದು ದ್ರವಕ್ಕಿಂತ ಮುಖ್ಯವಾಗಿ ಅದರ ಆವಿ. ಗಾಳಿಯಲ್ಲಿ ಆ ಆವಿ ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಿದ್ದರೆ ಒಂದು ಕಿಡಿಗೇ ಸಿಡಿಯುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ಟ್ಯಾಂಕಿನ ತಳದಲ್ಲಿಯೇ ಮಲಗಿರುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವುದರಿಂದ ಒಳಗೋಡೆಗೆ ಜಿಡ್ಡು ಅಂಟಿ, ಅದರೊಳಗೆ ಪೆಟ್ರೋಲಿನ ಅಂಶ ಉಳಿದುಕೊಂಡಿರುತ್ತದೆ. ಮೇಸ್ತ್ರಿಗಳು ಬಿಸಿನೀರಿಗೆ ಬಟ್ಟೆ ಸೋಪಿನ ಪುಡಿ ಹಾಕಿ ಮೂರು ಸಲ ಕುಲುಕಿ ತೊಳೆದು, ಕೊಳಾಯಿ, ಮುಚ್ಚಳ ಎರಡನ್ನೂ ತೆಗೆದು ಬಿಸಿಲಿಗಿಟ್ಟಿದ್ದರು.

ಮೂರನೆಯ ದಿನ ಹಳೆಯ ಬಣ್ಣವನ್ನು ಕೆರೆದಾಗ ಬಲಮಗ್ಗುಲಿನ ಗುಟ್ಟು ಬಯಲಾಯಿತು. ಕಾಲಿಂಚು ದಪ್ಪದ ಪುಟ್ಟಿ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಅದರ ಕೆಳಗೆ ನೆಗ್ಗು ಇದ್ದಂತೆಯೇ ಇತ್ತು, ಜೊತೆಗೆ ನಾಲ್ಕು ತೂತುಗಳು! ತಗಡನ್ನು ಹೊರಗೆಳೆಯಲು ಡ್ರಿಲ್ ಮಾಡಿ ಸ್ಕ್ರೂ ತಿರುಗಿಸಿ, ಅದು ಬಾರದಿದ್ದಾಗ ತೂತಿನ ಸಮೇತ ಪುಟ್ಟಿ ಮೆತ್ತಿದ್ದರು. ಕಾರಿನ ಬಾಗಿಲ ತಗಡಿನ ಮೇಲೆ ನಡೆಯಬಹುದಾದ ಕೆಲಸವನ್ನು ಪೆಟ್ರೋಲ್ ತುಂಬುವ ಟ್ಯಾಂಕಿನ ಮೇಲೆ, ಬಿಸಿ ಎಂಜಿನ್ನಿನ ನೆತ್ತಿಯ ಮೇಲೆ ಮಾಡಿದ್ದರು. ಇಷ್ಟು ವರ್ಷ ನನ್ನ ಮಗಳನ್ನು ಮುಂದೆ ಕೂರಿಸಿಕೊಂಡು ಸುತ್ತಿದ್ದು ಇದೇ ಗಾಡಿಯಲ್ಲಿ ಎಂದು ನೆನೆದು ನನಗೆ ಕೈಕಾಲು ತಣ್ಣಗಾಯಿತು. ತೆಂಗಿನಕಾಯಿಯ ಹೊಡೆತಕ್ಕೆ ಇಡೀ ತಗಡು ಅದುರಿ ಆ ಪುಟ್ಟಿ ಬಿರಿದಿತ್ತು ಅಷ್ಟೆ.

ನೋಡಲು ಭಯಂಕರವಾಗಿದ್ದ ಮೇಲಿನ ನೆಗ್ಗು ಹೆಚ್ಚು ತಕರಾರು ಮಾಡಲಿಲ್ಲ. ಮೇಸ್ತ್ರಿಗಳು ತುದಿಯನ್ನು ಉಜ್ಜಿ ಗುಂಡಗೆ ಮಾಡಿದ, ಕೊಕ್ಕೆಯಂತೆ ಬಗ್ಗಿಸಿದ ಸರಳೊಂದನ್ನು ಟ್ಯಾಂಕಿನ ಬಾಯಿಯಿಂದ ಒಳಗೆ ಬಿಟ್ಟರು. ಬಾಯಿಯ ಅಂಚು ನಲುಗದಂತೆ ಸೈಕಲ್ ಟ್ಯೂಬಿನ ತುಂಡನ್ನು ಹೊದಿಸಿದರು. ನಡುವಿನ ಗುಳಿಯನ್ನು ಅವರು ಮೊದಲು ಮುಟ್ಟಲಿಲ್ಲ. ತಗಡು ಒಳಗೆ ಹೋಗುವಾಗ ಸುತ್ತಲೂ ಒಂದು ದಿಬ್ಬ ಎದ್ದಿರುತ್ತದೆ, ಆ ದಿಬ್ಬವೇ ಗುಳಿಯನ್ನು ಬಿಗಿಹಿಡಿದಿರುತ್ತದೆ. ಒಳಗಿನಿಂದ ಸರಳನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಕೊಡತಿಯಲ್ಲಿ ದಿಬ್ಬವನ್ನು ಸುತ್ತುತ್ತಾ ತಟ್ಟಿದಂತೆ, ಸುಮಾರು ಅರ್ಧ ಗಂಟೆಯ ನಂತರ ಗುಳಿ ತಾನಾಗಿ "ಡಬ್" ಎಂದು ಮೇಲೆದ್ದಿತು. ಆದರೆ ನಡುವಿನಲ್ಲಿ ತಗಡು ಹಿಗ್ಗಿದ್ದರಿಂದ ಹೆಬ್ಬೆರಳಿನಿಂದ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಎಂದು ಎಣ್ಣೆ ಡಬ್ಬದ ತಳದಂತೆ ಆಡುತ್ತಿತ್ತು. ಅದನ್ನು ಕುಗ್ಗಿಸಲು ಬೆಂಕಿಯೇ ಬೇಕು. ಟ್ಯಾಂಕಿಗೆ ನೀರು ತುಂಬಿ, ಕಾಯಿಸುವ ಜಾಗ ಮಾತ್ರ ನೀರಿನಿಂದ ಬೆರಳಗಲ ಮೇಲಿರುವಂತೆ ಓರೆಯಾಗಿಟ್ಟು, ಬಾಯಿ ತೆರೆದೇ ಬಿಟ್ಟು, ಗ್ಯಾಸಿನ ಸಣ್ಣ ಜ್ವಾಲೆಯಿಂದ ನಾಣ್ಯದಗಲದ ಜಾಗವನ್ನು ಕೆಂಪಗೆ ಕಾಯಿಸಿ, ಎರಡೇ ಏಟು ತಟ್ಟಿ, ಒದ್ದೆ ಬಟ್ಟೆ ಒತ್ತಿದರು. ಮೂರು ಕಡೆ ಹೀಗೆ ಮಾಡಿದ ಮೇಲೆ ತಗಡು ಬಿಗಿಯಾಯಿತು.

ಹ್ಯಾಂಡಲ್ ಬಡಿದ ಸಣ್ಣ ನೆಗ್ಗು ಇಡೀ ಒಂದು ದಿನವನ್ನು ತಿಂದಿತು. ಚೂಪಾಗಿ ಬಿದ್ದ ಏಟಿಗೆ ತಗಡು ಮಡಚಿದಂತಾಗಿತ್ತು, ಸರಳಿಗೂ ಅಲ್ಲಿಗೆ ಎಟುಕಲು ದಾರಿ ಇರಲಿಲ್ಲ. "ಗಾಳಿ ತುಂಬಿಸಿ ಹೊರಗೆ ತಳ್ಳಬಹುದಲ್ಲ ಮೇಸ್ತ್ರಿಗಳೇ?" ಎಂದು ಕೇಳಿದೆ. ಹಾಗೆ ಮಾಡಿದರೆ ನೆಗ್ಗು ಏಳುವ ಮೊದಲು ಚಪ್ಪಟೆಯಾದ ಮಗ್ಗುಲುಗಳು ಉಬ್ಬುತ್ತವೆ, ಆಮೇಲೆ ಟ್ಯಾಂಕ್ ಚಾಸಿಯ ಮೇಲೆ ಕೂರುವುದಿಲ್ಲ ಎಂದರು. ಗುಳಿಯ ನಡುವೆ ವಾಷರ್ ಒಂದನ್ನು ಬೆಸೆದು, ಅದಕ್ಕೆ ಸರಳು ಸಿಕ್ಕಿಸಿ, ಎಳೆಯುತ್ತಾ ಸುತ್ತಲೂ ತಟ್ಟುತ್ತಾ ಮುಕ್ಕಾಲು ಪಾಲು ಮೇಲೆ ತಂದರು. ಉಳಿದ ಕಾಲು ಪಾಲಿಗೆ ಮತ್ತು ತೂತುಗಳಿಗೆ ಪುಟ್ಟಿ ಬೇಡವೆಂದು ಸೀಸ-ತವರದ ಬೆಸುಗೆ ಹಾಕಿದರು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರಂತೆ, ಬೆಳ್ಳಗೆ ಉಜ್ಜಿದ ತಗಡಿಗೆ ನವಸಾಗರ ಸವರಿ ಮೊದಲು ತೆಳ್ಳಗೆ ತವರ ಹಿಡಿಸಿದರು, ಅದರ ಮೇಲೆ ಬೆಸುಗೆಯನ್ನು ಬೆಣ್ಣೆಯಂತೆ ಹರಡಿದರು. ಸೀಸದ ಪುಡಿ ಗಾಳಿಗೆ ಹಾರಿ ಮೂಗಿಗೆ ಹೋಗಬಾರದೆಂದು ಗ್ರೈಂಡರ್ ಮುಟ್ಟದೆ, ಅರದಿಂದಲೇ ನಿಧಾನವಾಗಿ ಉಜ್ಜಿದರು.

ಆಗಾಗ ಅವರು ಕಣ್ಣು ಮುಚ್ಚಿ, ಎಡಗೈಯಲ್ಲಿ ತೆಳು ಬಟ್ಟೆ ಹಿಡಿದು ಟ್ಯಾಂಕಿನ ಮೇಲೆ ಸವರುತ್ತಿದ್ದರು. ಬಟ್ಟೆಯಿದ್ದರೆ ಅಂಗೈ ಸರಾಗವಾಗಿ ಜಾರುತ್ತದೆ, ಕಣ್ಣಿಗೆ ಕಾಣದ ಏರಿಳಿತವೂ ತಿಳಿಯುತ್ತದೆ. ನನ್ನ ಕೈಯನ್ನೂ ಹಿಡಿದು ಸವರಿಸಿದರು; ಎಲ್ಲವೂ ನುಣುಪಾಗಿದೆ ಎಂದು ನನಗನ್ನಿಸಿದ ಜಾಗದಲ್ಲಿ ಅವರು ಸೀಮೆಸುಣ್ಣದಿಂದ ಎರಡು ಗುರುತು ಹಾಕಿದರು.

ಕೊನೆಗೆ ಬಾಯಿ ಕಟ್ಟಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಊದಿ, ಸೋಪಿನ ನೀರು ಬಳಿದು ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಬಣ್ಣಕ್ಕೆ ಮಾತ್ರ ನಾನು ಹಟ ಹಿಡಿದು, ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ಬದಲು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನೇ ಹೊಡೆಸಿದೆ.

ಟ್ಯಾಂಕ್ ಕೂರಿಸಿ, ಪೆಟ್ರೋಲ್ ತುಂಬಿದ ರಾತ್ರಿ ತಂದೆಯವರು ಗಾಡಿಯ ಕೆಳಗೆ ಹಳೆಯ ದಿನಪತ್ರಿಕೆಯೊಂದನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು ಮಲಗಿದರು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಆ ಹಾಳೆಯನ್ನು ಬೆಳಕಿಗೆ ಹಿಡಿದು, ಹಿಂದೆಮುಂದೆ ತಿರುಗಿಸಿ ನೋಡುತ್ತಾ ನಿಂತಿದ್ದರು. ಎಲ್ಲಿಯೂ ಒಂದು ಕಲೆ ಇರಲಿಲ್ಲ.